ಬಿಲ್ಲೆಯನ್ನು ಧರಿಸಿದವರು ಯಾರು?



ಹಬ್ಬಕ್ಕೆ ಮುನ್ನ ಮನೆಗೆ ಸುಣ್ಣ ಬಳಿಯುವಾಗ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಕೆಳಗಿಳಿಸಿದಿರಿ ಎಂದುಕೊಳ್ಳಿ. ಅದರ ತಳದಲ್ಲಿ, ಮಡಿಸಿಟ್ಟ ಬಟ್ಟೆಯೊಳಗೆ, ಕಿಲುಬು ಹಿಡಿದ ಒಂದು ಹಿತ್ತಾಳೆಯ ಬಿಲ್ಲೆ ಸಿಕ್ಕಿತು. ಆಳಂದ, ಅಫಜಲಪುರ, ಜೇವರ್ಗಿಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ನಿಮ್ಮ ಮುತ್ಯಾ ಸರ್ಕಾರಿ ಚಾಕರಿಯಲ್ಲಿ ಎದೆಯ ಮೇಲೆ ಧರಿಸಿದ್ದ ಬಿಲ್ಲೆ ಅದು. ಸುದ್ದಿ ತಿಳಿದು ನಗರದಿಂದ ಬಂದ ಸಂಗ್ರಹಕಾರರೊಬ್ಬರು ಅದಕ್ಕೆ ಒಳ್ಳೆಯ ಬೆಲೆ ಕೊಡುತ್ತೇನೆನ್ನುತ್ತಾರೆ. ಕೊಡಬೇಕೆ, ಬೇಡವೆ? ಈ ಪ್ರಶ್ನೆಯ ಒಳಗೆ ಇನ್ನೂ ಆಳವಾದ ಪ್ರಶ್ನೆಯೊಂದು ಅಡಗಿದೆ. ಅಳಿದುಹೋದ ಅಧಿಕಾರದ ಗುರುತುಗಳನ್ನು ನಾವು ಯಾವ ಮನಸ್ಸಿನಿಂದ ಕಾಪಾಡಬೇಕು?

ಇಂಥ ಗುರುತುಗಳನ್ನು ಕೂಡಿಡುವ ಹವ್ಯಾಸ ಜಗತ್ತಿನಲ್ಲೆಲ್ಲ ಇದೆ. ವಸಾಹತು ಕಾಲದ ಆಫ್ರಿಕಾದ ವಿಮಾನ ಸಂಸ್ಥೆಗಳ ಟೋಪಿಯ ಲಾಂಛನಗಳನ್ನೂ, ಎದೆಗೆ ಚುಚ್ಚಿಕೊಳ್ಳುವ ರೆಕ್ಕೆಯಾಕಾರದ ಬಿಲ್ಲೆಗಳನ್ನೂ ಹುಡುಕಿ ಕೂಡಿಡುವವರಿದ್ದಾರೆ. ಕೀನ್ಯಾ, ಉಗಾಂಡಾ, ಟಾಂಗಾನ್ಯಿಕಾ, ಜಾಂಜಿಬಾರ್‌ಗಳಿಗಾಗಿ 1946ರಲ್ಲಿ ಆರಂಭವಾದ ಈಸ್ಟ್ ಆಫ್ರಿಕನ್ ಏರ್‌ವೇಸ್, ಆ ದೇಶಗಳ ಒಕ್ಕೂಟ ಒಡೆದಾಗ 1977ರಲ್ಲಿ ಮುಚ್ಚಿತು. ಅದೇ 1946ರಲ್ಲಿ ರೊಡೇಷಿಯಾ ಮತ್ತು ನ್ಯಾಸಾಲ್ಯಾಂಡ್‌ಗಳಿಗಾಗಿ ಹುಟ್ಟಿದ ಸೆಂಟ್ರಲ್ ಆಫ್ರಿಕನ್ ಏರ್‌ವೇಸ್ 1967ರ ಹೊತ್ತಿಗೆ ಮೂರು ಪಾಲಾಯಿತು. ಸಂಸ್ಥೆ ಮುಚ್ಚಿದ ಮೇಲೆ ಹೊಸ ಬಿಲ್ಲೆ ತಯಾರಾಗದು. ಉಳಿದವುಗಳ ಬೆಲೆ ಏರುವುದಕ್ಕೆ ಇದೇ ಕಾರಣ.

ಇದೆಲ್ಲ ದೂರದ ಮಾತೆಂದು ನಿಮಗೆ ತೋರಬಹುದು. ಆದರೆ ಆಳಂದದವರ ತಲೆಯ ಮೇಲಿನ ಆಕಾಶಕ್ಕೂ ಹೀಗೆಯೇ ಮರೆಯಾದ ಒಂದು ವಿಮಾನ ಸಂಸ್ಥೆ ಇತ್ತು. 1945ರಲ್ಲಿ ನಿಜಾಮ ಸರ್ಕಾರವೂ ಟಾಟಾ ಸಂಸ್ಥೆಯೂ ಕೂಡಿ ಸ್ಥಾಪಿಸಿದ ಡೆಕ್ಕನ್ ಏರ್‌ವೇಸ್ ಅದು. ಹೈದರಾಬಾದಿನ ಬೇಗಂಪೇಟೆ ಅದರ ನೆಲೆ. ಡಕೋಟಾ ವಿಮಾನಗಳು ಅದರ ಬಲ. ಸಂಸ್ಥಾನ 1948ರಲ್ಲಿ ಭಾರತದೊಡನೆ ವಿಲೀನವಾದ ಮೇಲೂ ಉಳಿದಿದ್ದ ಈ ಸಂಸ್ಥೆ, 1953ರ ಆಗಸ್ಟ್‌ನಲ್ಲಿ ಇತರ ಏಳು ಕಂಪನಿಗಳೊಡನೆ ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್ನಿನಲ್ಲಿ ಸೇರಿಹೋಯಿತು. ಎಂಟು ವರ್ಷಗಳ ಆಯುಸ್ಸಿನ ಆ ಸಂಸ್ಥೆಯ ಹೆಸರನ್ನು ಇಂದು ಬಲ್ಲವರು ವಿರಳ.

ಸಂಗ್ರಹಕಾರರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗುಜರಿಯವನ ತಕ್ಕಡಿಗೆ ಬಿದ್ದು ಕರಗಿಹೋಗಬೇಕಾಗಿದ್ದ ಎಷ್ಟೋ ವಸ್ತುಗಳನ್ನು ಅವರು ಉಳಿಸಿದ್ದಾರೆ. ಅಷ್ಟರ ಮಟ್ಟಿಗೆ ನಾವು ಅವರಿಗೆ ಋಣಿಗಳು. ಆದರೆ ಉಳಿದದ್ದು ಯಾರ ನೆನಪು ಎಂದು ಕೇಳಿಕೊಳ್ಳದೆ ಹೋದರೆ ಆ ಉಪಕಾರ ಅಪೂರ್ಣವಾಗುತ್ತದೆ.

ವಸಾಹತು ಆಫ್ರಿಕಾದಲ್ಲಿ ವಿಮಾನ ನಡೆಸುತ್ತಿದ್ದವರು ಬಹುತೇಕ ಯುರೋಪಿಯನ್ನರೇ. ನೆಲದವರ ಪಾಲಿಗೆ ಬರುತ್ತಿದ್ದುದು ಹೆಚ್ಚಾಗಿ ಹೊರೆ ಹೊರುವ, ಗುಡಿಸುವ, ಒರೆಸುವ ಕೆಲಸ. ಮಖಮಲ್ಲಿನ ಹಲಗೆಯ ಮೇಲೆ ಇಂದು ಹೊಳೆಯುತ್ತಿರುವ ರೆಕ್ಕೆಗಳು ಮೊದಲಿನವರ ಎದೆಯ ಮೇಲಿದ್ದವು. ಎರಡನೆಯವರಿಗೆ ರೆಕ್ಕೆಯ ಬಿಲ್ಲೆಯೇ ಇರಲಿಲ್ಲ. ಇಲ್ಲದ ವಸ್ತುವನ್ನು ಯಾರು ಸಂಗ್ರಹಿಸಿಯಾರು? ಹೀಗೆ, ಬಿಲ್ಲೆಗಳ ಮೂಲಕವೇ ಚರಿತ್ರೆಯನ್ನು ಓದುವವನು ತನಗರಿಯದೆಯೇ ಹಿಂದಿನ ಅಧಿಕಾರ ಯಾರನ್ನು ಗೌರವಿಸಿತ್ತೋ ಅವರನ್ನೇ ಮತ್ತೆ ಗೌರವಿಸುತ್ತಾನೆ.

ಬಿಲ್ಲೆ ದೊರೆತವರ ಕಥೆಯನ್ನಾದರೂ ಅದು ಪೂರ್ತಿ ಹೇಳುವುದೇ? ಭಾರತದ ಮೊದಲ ಮಹಿಳಾ ವಾಣಿಜ್ಯ ಪೈಲಟ್ ಪ್ರೇಮ್ ಮಾಥುರ್ ಅವರನ್ನು ನೆನೆಯಿರಿ. ಹೆಣ್ಣೆಂಬ ಕಾರಣಕ್ಕೆ ಹಲವು ಕಂಪನಿಗಳು ತಿರಸ್ಕರಿಸಿದ ಆಕೆಗೆ ಕೆಲಸ ಕೊಟ್ಟದ್ದು ಡೆಕ್ಕನ್ ಏರ್‌ವೇಸ್. ಅದು ಆ ಸಂಸ್ಥೆಯ ಹೆಮ್ಮೆ. ಆದರೆ ಸಹ ಪೈಲಟ್ ಆಗಿದ್ದ ಆಕೆಗೆ ವಿಮಾನದ ಪೂರ್ಣ ಹೊಣೆಯನ್ನು ಅಲ್ಲಿ ಒಪ್ಪಿಸಲಿಲ್ಲ. ತೆರೆದ ಬಾಗಿಲೂ ಮುಚ್ಚಿದ ಬಾಗಿಲೂ ಒಂದೇ ಸಂಸ್ಥೆಯವು. ಲೋಹದ ರೆಕ್ಕೆ ಇವೆರಡರಲ್ಲಿ ಯಾವುದನ್ನೂ ತಾನಾಗಿ ನುಡಿಯದು.

ಈಗ ನಿಮ್ಮ ಕೈಯಲ್ಲಿರುವ ಬಿಲ್ಲೆಗೆ ಮರಳೋಣ. ಅದನ್ನು ಕೊಟ್ಟ ಆಡಳಿತದ ಕೊನೆಯ ದಿನಗಳು ಈ ಭಾಗದ ಜನರಿಗೆ ಸುಖದ ದಿನಗಳಾಗಿರಲಿಲ್ಲ. 1947-48ರಲ್ಲಿ ರಜಾಕಾರರ ಹಾವಳಿಗೆ ಬೆದರಿ ಅನೇಕ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆಯಿತು. ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ನಿರಪರಾಧಿ ಮುಸ್ಲಿಂ ಕುಟುಂಬಗಳು ಅನುಭವಿಸಿದ ನೋವನ್ನು ಸುಂದರಲಾಲ್ ಸಮಿತಿ ವರದಿ ಮಾಡಿತು. ಇಷ್ಟೆಲ್ಲ ನಡೆದ ಮೇಲೆ ಆ ಕಾಲದ ಗುರುತನ್ನು ಮನೆಯಲ್ಲಿಡುವುದೇ ತಪ್ಪೆಂದು ಕೆಲವರು ಹೇಳುತ್ತಾರೆ. ಅದನ್ನು ಉಜ್ಜಿ ಹೊಳಪಿಸಿ, ಎಂಥ ವೈಭವದ ಕಾಲವಿತ್ತೆಂದು ನಿಟ್ಟುಸಿರಿಡುವವರು ಇನ್ನು ಕೆಲವರು.

ಇಬ್ಬರೂ ಒಂದೇ ವಿಷಯವನ್ನು ಮರೆತಿದ್ದಾರೆಂದು ನನಗನ್ನಿಸುತ್ತದೆ. ಬಿಲ್ಲೆಯನ್ನು ಎಸೆದ ಮಾತ್ರಕ್ಕೆ ನಡೆದ ಅನ್ಯಾಯ ನಡೆಯಲಿಲ್ಲವೆಂದಾಗದು. ಹೊಳಪಿಸಿದ ಮಾತ್ರಕ್ಕೆ ಅದು ನ್ಯಾಯವಾಗದು. ಇವೆರಡರ ನಡುವೆ ಆ ಬಿಲ್ಲೆಯನ್ನು ಧರಿಸಿದ ಒಬ್ಬ ಮನುಷ್ಯನಿದ್ದಾನೆ. ಆತ ಅದನ್ನು ಧರಿಸಿದ್ದು ಮಕ್ಕಳ ರೊಟ್ಟಿಗಾಗಿ. ಅದನ್ನು ಧರಿಸಿ ಆತ ದಿಕ್ಕಿಲ್ಲದ ಒಬ್ಬ ರೈತನ ಅರ್ಜಿಯನ್ನು ಒಳಗೆ ತಲುಪಿಸಿರಬಹುದು. ಅದೇ ಬಿಲ್ಲೆಯ ಬಲದಿಂದ ಇನ್ನೊಬ್ಬನನ್ನು ಬಾಗಿಲಲ್ಲೇ ಗದರಿಸಿ ಕಳುಹಿಸಿರಬಹುದು. ಆ ಅಧಿಕಾರ ಆತನ ಸ್ವಂತದ್ದಲ್ಲ. ಆದರೆ ಅದನ್ನು ಬಳಸಿದ ರೀತಿ ಮಾತ್ರ ಪೂರ್ತಿಯಾಗಿ ಆತನದು. ಬಿಲ್ಲೆಯನ್ನು ನಿಷ್ಠೆಯಿಂದ ಕಾಪಾಡುವುದೆಂದರೆ ಈ ಎರಡನ್ನೂ ಕೇಳಿ ತಿಳಿಯಲು ಸಿದ್ಧರಿರುವುದು.

ಆದುದರಿಂದ ಮಾರುವುದೋ ಇಟ್ಟುಕೊಳ್ಳುವುದೋ ಎಂಬುದು ಎರಡನೆಯ ಪ್ರಶ್ನೆ. ಮನೆಯಲ್ಲಿ ಕಷ್ಟವಿದ್ದು ಅದನ್ನು ಮಾರಿದರೆ ಪಾಪವೇನೂ ಇಲ್ಲ. ಆದರೆ ಮೊದಲು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ಮುತ್ಯಾ ಯಾವ ಕಚೇರಿಯಲ್ಲಿದ್ದರು, ಸಂಬಳವೆಷ್ಟು, ಊರವರು ಅವರನ್ನು ಕಂಡು ಹೆದರುತ್ತಿದ್ದರೋ ನಂಬುತ್ತಿದ್ದರೋ ಎಂದು ಕೇಳಿ. ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಅಹಿತವಾದುದನ್ನೂ ಬಿಡದೆ, ಬಿಲ್ಲೆಯೊಡನೆ ಇಡಿ. ಬಿಲ್ಲೆ ಮನೆ ಬಿಟ್ಟು ಹೋಗುವುದಾದರೆ ಆ ಹಾಳೆಯ ಪ್ರತಿಯೂ ಅದರೊಡನೆ ಹೋಗಲಿ. ಆ ದಿನಗಳನ್ನು ಕಂಡವರು ಇಂದು ಎಂಬತ್ತು ದಾಟಿದ್ದಾರೆ. ಹಿತ್ತಾಳೆ ಇನ್ನೂ ನೂರು ವರ್ಷ ಕಾದೀತು, ಅವರು ಕಾಯಲಾರರು.

ನಮ್ಮ ಕೊರಳಿನಲ್ಲೂ ಈಗ ಕಚೇರಿಯದೋ ಶಾಲೆಯದೋ ಆಸ್ಪತ್ರೆಯದೋ ಗುರುತಿನ ಚೀಟಿಯೊಂದು ತೂಗುತ್ತಿದೆ. ಅದನ್ನು ಕೊಟ್ಟ ಸಂಸ್ಥೆಯೂ ಒಂದು ದಿನ ಇಲ್ಲವಾದೀತು. ಮೊಮ್ಮಗಳೊಬ್ಬಳು ಅದನ್ನು ಟ್ರಂಕಿನ ತಳದಲ್ಲಿ ಕಂಡು, ಇದನ್ನು ಧರಿಸಿದ್ದವರು ಎದುರಿಗೆ ಬಂದವರನ್ನು ಹೇಗೆ ನಡೆಸಿಕೊಂಡರು ಎಂದು ಕೇಳಿದರೆ, ಮನೆಯವರು ತಲೆ ತಗ್ಗಿಸದೆ ಉತ್ತರ ಹೇಳುವಂತಾಗಲಿ. ಆ ಉತ್ತರವನ್ನು ನಾವು ಇಂದು, ನಮ್ಮ ಮೇಜಿನ ಎದುರು ನಿಂತವರೊಡನೆ ನಡೆದುಕೊಳ್ಳುವ ರೀತಿಯಲ್ಲಿ ಬರೆಯುತ್ತಿದ್ದೇವೆ.