ಸೂಜಿಮದ್ದು ಮತ್ತು ಮನಸ್ಸಾಕ್ಷಿ

2026ರ ತಪಸ್ಸುಕಾಲದ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ, ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಸಂಕೋಚದಿಂದ ಬಳಿಗೆ ಬಂದರು. ಬಹಳ ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ. ದೇಹದ ಭಾರದಿಂದ ಮೊಣಕಾಲೂರಿ ಪ್ರಾರ್ಥಿಸಲಾರರು. “ಫಾದರ್, ವಾರಕ್ಕೊಂದು ಸೂಜಿಯಂತೆ. ಸಕ್ಕರೆ ಇಳಿಯುತ್ತದೆ, ಹಸಿವೂ ಇಳಿಯುತ್ತದೆ ಎಂದರು ಡಾಕ್ಟರು. ಈಗ ಬೆಲೆಯೂ ಇಳಿಯುತ್ತದಂತೆ. ಉಪವಾಸ ಮಾಡಬೇಕಾದ ಕಾಲದಲ್ಲಿ ಹಸಿವನ್ನೇ ಮದ್ದಿನಿಂದ ಅಡಗಿಸುವುದು ತಪ್ಪಲ್ಲವೇ?”

ಆ ಔಷಧದ ಹೆಸರು ಸೆಮಾಗ್ಲುಟೈಡ್. ನಾವು ಉಂಡಾಗ ಕರುಳಿನಲ್ಲಿ ಸ್ರವಿಸುವ ಒಂದು ಹಾರ್ಮೋನನ್ನು ಅದು ಅನುಕರಿಸುತ್ತದೆ. ಇನ್ಸುಲಿನ್ ಸ್ರವಿಸುವಂತೆ ಮೇದೋಜೀರಕ ಗ್ರಂಥಿಯನ್ನು ಪ್ರೇರೇಪಿಸಿ, ಜಠರ ಬರಿದಾಗುವುದನ್ನು ನಿಧಾನಗೊಳಿಸಿ, ‘ಸಾಕು’ ಎಂಬ ಸಂದೇಶವನ್ನು ಮಿದುಳಿಗೆ ಮುಟ್ಟಿಸುತ್ತದೆ. ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಕಂಪನಿಯು ತೂಕ ಇಳಿಸಲೆಂದು ಇದನ್ನು ವೆಗೋವಿ ಎಂಬ ಹೆಸರಿನಲ್ಲಿ 2025ರ ಜೂನ್‌ನಲ್ಲಿ ಭಾರತಕ್ಕೆ ತಂದಾಗ, ಆರಂಭದ ಪ್ರಮಾಣಕ್ಕೇ ತಿಂಗಳಿಗೆ 17,000 ರೂಪಾಯಿ ಮೀರಿತ್ತು. 2026ರ ಮಾರ್ಚ್‌ನಲ್ಲಿ ಇಲ್ಲಿ ಅದರ ಪೇಟೆಂಟ್ ಅವಧಿ ಮುಗಿದು, ಜೆನೆರಿಕ್ ರೂಪದಲ್ಲಿ ಮಾರಲು ನಮ್ಮ ಕಂಪನಿಗಳಿಗೆ ದಾರಿ ತೆರೆಯಿತು.

ತಕ್ಷಣ ಉತ್ತರಿಸಲು ನನ್ನಿಂದಾಗಲಿಲ್ಲ. ಹೊಟ್ಟೆಬಾಕತನವು ಏಳು ಮೂಲಪಾಪಗಳಲ್ಲೊಂದೆಂದು ಹಿಂದೊಮ್ಮೆ ನಾನೇ ಪ್ರಬೋಧಿಸಿದ್ದೆ. ಅಂದು ತಲೆತಗ್ಗಿಸಿ ಕುಳಿತವರಲ್ಲಿ ಈ ತಾಯಿಯೂ ಒಬ್ಬರು. ಸ್ಥೂಲಕಾಯವೇ ಪಾಪದ ಗುರುತೆಂದು ನಾನು ಹೇಳಿರಲಿಲ್ಲ, ಆದರೆ ಕೇಳಿದವರು ಹಾಗೆಯೇ ಕೇಳಿಸಿಕೊಂಡರು. (ಹಬ್ಬದೂಟದಲ್ಲಿ ಎರಡನೆಯ ಹೋಳಿಗೆಯನ್ನು ಬೇಡವೆನ್ನಲಾರದ ನಾನು ತೆಳ್ಳಗಿದ್ದೇನೆ, ಅಷ್ಟೇ.)

ಮಿತತ್ವವೆಂದರೆ ಆಸೆಯನ್ನು ಕೊಲ್ಲುವುದಲ್ಲ, ವಿವೇಕಕ್ಕೆ ಒಗ್ಗಿಸುವುದೆಂದು ಸಂತ ಥಾಮಸ್ ಅಕ್ವಿನಾಸರಿಂದ ಗುರುಮಠದಲ್ಲಿ ಕಲಿತಿದ್ದೆವು. ಮನಸ್ಸನ್ನು ಪಳಗಿಸಲು ಸ್ವಇಚ್ಛೆಯಿಂದ ಹಸಿದಿರುವುದು ಉಪವಾಸ. ರೋಗಪೀಡಿತ ದೇಹಕ್ಕೆ ‘ಸಾಕು’ ಎಂಬುದನ್ನು ತಿಳಿಸುವುದು ಚಿಕಿತ್ಸೆ. ಕನ್ನಡಕ ಧರಿಸಿದವರನ್ನು ಸೋಮಾರಿಗಳೆಂದು ಯಾರೂ ಜರಿಯುವುದಿಲ್ಲವಲ್ಲ! ಹಾಗೆಂದು ಇದು ಆಟದ ವಸ್ತುವಲ್ಲ. ವಾಕರಿಕೆ, ವಾಂತಿ ಕಾಡಬಹುದು. ನಿಲ್ಲಿಸಿದರೆ ತೂಕ ಮರಳಿ ಏರುವುದುಂಟು. ವೈದ್ಯರ ಚೀಟಿಯಿಲ್ಲದೆ ಕೊಳ್ಳತಕ್ಕದ್ದಲ್ಲ. ಮದುವೆಯ ಫೋಟೋದಲ್ಲಿ ಚೆಂದ ಕಾಣಲೆಂದು ಇದನ್ನು ಬಯಸುವವರು ತಮ್ಮನ್ನು ತಾವೇ ಬೇರೊಂದು ಪ್ರಶ್ನೆ ಕೇಳಿಕೊಳ್ಳಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ. ತಿಂಗಳಿಗೆ 17,000 ರೂಪಾಯಿ ತೆರಬಲ್ಲವರಾರೂ ಇದು ತಪ್ಪೇ ಎಂದು ನನ್ನನ್ನು ಕೇಳಿರಲಿಲ್ಲ. ಮದ್ದು ಬಡವರ ಕೈಗೆಟುಕುವ ಹೊತ್ತಿಗೆ ಮಾತ್ರ ಮನಸ್ಸಾಕ್ಷಿಯ ಪ್ರಶ್ನೆ ಎದ್ದಿತು! ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಸಂಗಡಿಗರು 1923ರಲ್ಲಿ ತಮ್ಮ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ್ದರು. ಎಲ್ಲರೂ ಹಾಗೆಯೇ ಮಾಡಬೇಕೆಂದು ನಾನು ಹೇಳಲಾರೆ. ಸಂಶೋಧಕರ ಶ್ರಮಕ್ಕೆ ಪ್ರತಿಫಲ ನ್ಯಾಯವೇ. ಆದರೆ ಅದಕ್ಕೊಂದು ಅವಧಿಯಿದೆ. ಕಾನೂನೇ ಬೇಲಿ ತೆಗೆದ ಮೇಲೆ, ‘ಬಾಯಿ ಕಟ್ಟಿದರೆ ಸಾಲದೇ’ ಎಂಬ ನೆರೆಹೊರೆಯವರ ಮಾತು, ನಮ್ಮಂಥವರ ಪ್ರಬೋಧನೆ, ಇವೇ ಹೊಸ ಬೇಲಿಯಾಗಬೇಕೇ?

“ತಪ್ಪಿಲ್ಲಮ್ಮಾ, ಡಾಕ್ಟರು ಹೇಳಿದಂತೆ ಮಾಡಿ” ಎಂದೆ. ಉಪವಾಸದ ಕಟ್ಟಳೆ ರೋಗಿಗಳನ್ನು ಬಂಧಿಸುವುದಿಲ್ಲವೆಂದೂ ತಿಳಿಸಿದೆ. ಆ ಹಳೆಯ ಪ್ರಬೋಧನೆಗಾಗಿ ಕ್ಷಮೆ ಕೇಳಿದೆ. ಅವರಿಗದು ನೆನಪೇ ಇಲ್ಲವಂತೆ; ಅಥವಾ ನನ್ನ ಸಮಾಧಾನಕ್ಕೆ ಹಾಗೆಂದರೋ ಏನೋ.