ಉತ್ತರ ಸಿಕ್ಕಮೇಲೂ ಉಳಿಯುವ ಪ್ರಶ್ನೆ

ಕಾಯಿಲೆಗೆ ಒಂದು ಹೆಸರು ಸಿಕ್ಕ ದಿನ ಮನೆಮಂದಿಗೆಲ್ಲ ಅರ್ಧ ಜ್ವರ ಇಳಿದ ಹಾಗಾಗುತ್ತೆ. ಹೆಸರು ತಪ್ಪಾಗಿದ್ದರೆ ಮುಂದೆ ಯಾರಾದರೂ ತಿದ್ದಬಹುದು. ಆದರೆ ಹೆಸರು ಸರಿಯಾಗಿಯೇ ಇದ್ದು, ಅದು ಅರ್ಧ ಸತ್ಯ ಮಾತ್ರ ಆಗಿದ್ದರೆ?

ಪತ್ತೆಯಾಗದ ಜ್ವರಕ್ಕೆ 1961ರಲ್ಲಿ ಅಮೆರಿಕದ ವೈದ್ಯರಾದ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಒಂದು ಅಳತೆ ಕೊಟ್ಟರು: ಮೂರು ವಾರ ಮೀರಿದ, ಮತ್ತೆ ಮತ್ತೆ 101 ಡಿಗ್ರಿ ದಾಟುವ, ಆಸ್ಪತ್ರೆಯಲ್ಲಿ ವಾರ ಹುಡುಕಿದರೂ ಕಾರಣ ಸಿಗದ ಜ್ವರ. ಅವರು ಕಂಡ ಕಾರಣಗಳಲ್ಲಿ ಸೋಂಕೂ ಇತ್ತು, ಕ್ಯಾನ್ಸರೂ ಇತ್ತು. ನಮ್ಮಲ್ಲಿ ಟಿಬಿ ಮತ್ತು ಲಿಂಫೋಮಾ ಒಂದೇ ವೇಷದಲ್ಲಿ ಬರುತ್ತವೆ: ಸಂಜೆ ಜ್ವರ, ರಾತ್ರಿ ಬೆವರು, ಇಳಿಯುವ ತೂಕ, ಕುತ್ತಿಗೆಯಲ್ಲಿ ಗಂಟು. ಅಪರೂಪಕ್ಕೆ ಎರಡೂ ಒಬ್ಬರಲ್ಲೇ ಇರುತ್ತವೆ.

ಕಮಲಾಪುರದ ಬಾಳೆ ತೋಟದಲ್ಲಿ ಕೂಲಿ ಮಾಡುವ ಹೆಣ್ಣುಮಗಳೊಬ್ಬಳನ್ನು ನೆನೆಸಿಕೊಳ್ಳಿ. ಗಂಟಿಗೆ ಸೂಜಿ ಹಾಕಿ ನೋಡಿದಾಗ ಟಿಬಿ ಸಿಕ್ಕಿತು. ಸರ್ಕಾರದ ಮಾತ್ರೆ ಪುಕ್ಕಟೆ. ಇನ್ನೂ ನೋಡೋಣ ಅಂದರೆ ಹೊಸಪೇಟೆ, ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಆಮೇಲೆ ಬೆಂಗಳೂರಿನ ಕಿದ್ವಾಯಿ. ಅವಳ ಕೂಲಿಯೂ ಹೋಯ್ತು, ಜೊತೆಗೆ ಬಂದವರದ್ದೂ ಹೋಯ್ತು. "ಟಿಬಿ ಅಂತ ಗೊತ್ತಾತಲ್ರಿ, ಮತ್ಯಾಕ ಟೆಸ್ಟು?" ಅಂತ ಅವಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬಹುಪಾಲು ಜನರಲ್ಲಿ ಆ ಎರಡನೇ ಹುಡುಕಾಟ ಗುಡ್ಡ ಅಗೆದು ಇಲಿ ಹಿಡಿದ ಹಾಗೇ.

ಹಾಗಂತ ಬಿಟ್ಟುಬಿಟ್ಟರೆ? ಟಿಬಿ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಅಷ್ಟು ದಿನ ಲಿಂಫೋಮಾ ಕಾಯುತ್ತೆ ಅನ್ನೋ ಭರವಸೆಯಿಲ್ಲ. ಕ್ಯಾನ್ಸರ್ ಮಾತ್ರ ಕಂಡು ಕೀಮೋ ಕೊಟ್ಟರೆ, ಮೈಯ ತಡೆಶಕ್ತಿ ಕುಗ್ಗಿ ಟಿಬಿ ಕೆರಳಬಹುದು. ಜ್ವರ ಬೇಗ ಇಳಿಯಲಿಲ್ಲ ಅನ್ನುವುದೂ ಸಾಕ್ಷಿಯಲ್ಲ. ಬರೀ ಟಿಬಿ ಇದ್ದು, ಮಾತ್ರೆ ಕೆಲಸ ಮಾಡುತ್ತಿರುವಾಗಲೇ ಗಂಟು ಕೆಲವೊಮ್ಮೆ ಇನ್ನಷ್ಟು ಊದುತ್ತದೆ.

ಹಾಗಾದರೆ ಅನುಮಾನದ ಖರ್ಚು ಯಾರ ತಲೆಗೆ? ಅನುಮಾನ ಪಡುವುದು ವೈದ್ಯರ ಕೆಲಸ, ಅದನ್ನು ರೋಗಿಗೆ ಅಗ್ಗವಾಗಿಸುವುದೂ ಅವರದೇ ಕೆಲಸ ಅನ್ನೋದು ನನ್ನ ವಾದ. ಗಂಟನ್ನು ಕೊಯ್ದು ತೆಗೆಯುವುದೇ ಆದರೆ ಒಂದು ತುಂಡು ಫಾರ್ಮಲಿನ್ ಬಾಟಲಿಗೆ, ಇನ್ನೊಂದು ಸಲೈನ್‌ಗೆ ಹೋಗಬೇಕು. ಫಾರ್ಮಲಿನ್ ಕ್ಯಾನ್ಸರ್ ನೋಡಲು ಜೀವಕೋಶಗಳನ್ನು ಕಾಪಾಡುತ್ತೆ, ಆದರೆ ಟಿಬಿ ಕ್ರಿಮಿಯನ್ನು ಕೊಲ್ಲುತ್ತೆ. ಆಮೇಲೆ ಕಲ್ಚರ್ ಮಾಡೋಕಾಗಲ್ಲ. ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿದರೆ, ಉತ್ತರ ಬರುವ ಮೊದಲೇ ಒಂದು ಪ್ರಶ್ನೆಯ ಬಾಯಿ ಮುಚ್ಚಿದಂತೆ. ಎರಡು ಬಾಟಲಿ ಇದ್ದರೆ ರೋಗಿಗೆ ಗಾಯ ಒಂದೇ.

ಕೊಯ್ಯದೆ ಮಾತ್ರೆ ಶುರು ಮಾಡುವುದಾದರೆ ಚೀಟಿಯಲ್ಲೇ ಒಂದು ದಿನಾಂಕ ಬರೆಯಲಿ: "ಅಷ್ಟರೊಳಗೆ ಜ್ವರ ಬಿಡದಿದ್ದರೆ, ತೂಕ ಏರದಿದ್ದರೆ ಬನ್ನಿ, ಮತ್ತೆ ನೋಡೋಣ." ಹಾಗೆ ಹೇಳದೆ ಕಳಿಸಿದರೆ, ವೈದ್ಯರ ಮೌನವನ್ನೇ ಆಕೆ ಖಾತ್ರಿ ಅಂದುಕೊಂಡು ಆರು ತಿಂಗಳು ನಿಷ್ಠೆಯಿಂದ ಮಾತ್ರೆ ನುಂಗುತ್ತಾಳೆ.