ಭೂತ ಬಂದು ಎಚ್ಚರಿಸಬೇಕೇ?

"ಹಜರತ್, ಹೆದರಿಕೊಂಡು ದಾನ ಕೊಟ್ಟರೆ ಅದಕ್ಕೆ ಪುಣ್ಯವಿದೆಯೇ?" ಗೋಗಿಯ ನನ್ನ ವಿದ್ಯಾರ್ಥಿಯೊಬ್ಬನ ಪ್ರಶ್ನೆಯಿದು. 2022ರಲ್ಲಿ ಬಂದ 'ಸ್ಕ್ರೂಜ್' ಎಂಬ ಹಾಡುಗಳುಳ್ಳ ಕಾರ್ಟೂನ್ ಚಿತ್ರವನ್ನು ಆತ ಮೊಬೈಲಿನಲ್ಲಿ ನೋಡಿದ್ದ.

ಮೂಲಕಥೆ ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದದ್ದು. ಕ್ರಿಸ್‌ಮಸ್ ಹಿಂದಿನ ರಾತ್ರಿ ಮೂರು ಭೂತಗಳು ಜಿಪುಣ ಸ್ಕ್ರೂಜನಿಗೆ ಅವನ ಭೂತ, ವರ್ತಮಾನ, ಭವಿಷ್ಯಗಳನ್ನು ತೋರಿಸುತ್ತವೆ. ತನ್ನದೇ ಗೋರಿಯನ್ನು ಕಂಡು ಆತ ನಡುಗುತ್ತಾನೆ.

ಭಯದಿಂದ ಆರಂಭವಾದ ಒಳಿತು ಕೀಳಲ್ಲ. ಆದರೆ ಅದರ ಪರೀಕ್ಷೆ ಭಯ ಇಳಿದ ಮೇಲೆಯೇ. ಹಬ್ಬ ಕಳೆದ ಮರುದಿನ ಸ್ಕ್ರೂಜ್ ತನ್ನ ಬಡ ಗುಮಾಸ್ತನ ಸಂಬಳ ಹೆಚ್ಚಿಸುತ್ತಾನೆ. ಅವನು ಬದಲಾದದ್ದಕ್ಕೆ ಸಾಕ್ಷಿ ಅದು. ಗೋರಿಯ ಮುಂದೆ ಸುರಿಸಿದ ಕಣ್ಣೀರಲ್ಲ.

ಕಥೆಯಲ್ಲಿ ಅವನಿಗೆ ಇನ್ನೊಂದು ಬೆಳಗು ಸಿಕ್ಕಿತು. ನಮಗೆ? ಮರಣ ಎದುರಾದಾಗ 'ಸ್ವಲ್ಪ ಕಾಲಾವಕಾಶ ಸಿಕ್ಕಿದ್ದರೆ ದಾನ ಮಾಡುತ್ತಿದ್ದೆ' ಎಂದು ಬೇಡುವವನ ಬಗ್ಗೆ ಪವಿತ್ರ ಕುರ್‌ಆನಿನ ಅಲ್ ಮುನಾಫಿಕೂನ್ ಅಧ್ಯಾಯ ಎಚ್ಚರಿಸುತ್ತದೆ. ಅವಧಿ ಮುಗಿದವರಿಗೆ ಅಲ್ಲಾಹನು ಕಾಲಾವಕಾಶ ಕೊಡುವುದಿಲ್ಲ.

ಗೋಗಿಯವರಿಗೆ ಭೂತಗಳ ಅಗತ್ಯವೂ ಇಲ್ಲ. ಹಜರತ್ ಚಂದಾ ಹುಸೇನಿಯವರ ದರ್ಗಾದ ಬಳಿ ಬಿಜಾಪುರದ ಆದಿಲಶಾಹಿ ರಾಜ್ಯವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಶಾಹನೇ ಮಲಗಿದ್ದಾನೆ. ರಾಜ್ಯ ಕಟ್ಟಿದವನು ಜೊತೆಗೆ ಏನನ್ನು ಒಯ್ದ? ಗೋರಿಗಳ ಸಂದರ್ಶನ ಪರಲೋಕವನ್ನು ನೆನಪಿಸುತ್ತದೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಹುಡುಗನಿಗೆ ಇಷ್ಟು ಹೇಳುವಾಗ ನನ್ನ ನಾಲಿಗೆ ತೊದಲಿತು. ನಮ್ಮ ಮನೆಗೆ ಗಿಲಾವು ಮಾಡಿದ ಮೇಸ್ತ್ರಿಯ ಬಾಕಿಯನ್ನು ನಾನು ಎರಡು ತಿಂಗಳಿಂದ ಮುಂದೂಡುತ್ತಿದ್ದೆ. ಅಂದು ಮಗ್ರಿಬ್‌ಗೆ ಮೊದಲೇ ಹೋಗಿ ಕೊಟ್ಟು ಬಂದೆ. ಅದು ದಾನವಲ್ಲ, ಅವನ ಹಕ್ಕು.

ಓದುಗರೇ, ನಿಮ್ಮ ಬಳಿ ಯಾರ ಹಕ್ಕು ಉಳಿದಿದೆ?